ಮೂರು ನಿಮಿಷದ ಜನರೇಟರ್

ಕರೆಂಟ್ ಹೋಗಿ ಅರ್ಧ ಗಂಟೆಯಾಗಿತ್ತು. ಅಮ್ಮನ ಆಕ್ಸಿಜನ್ ಯಂತ್ರಕ್ಕೆ ಜನರೇಟರೇ ಗತಿ. ಅದು ಮೂರು ನಿಮಿಷ ಓಡಿ ನಿಂತುಬಿಡುತ್ತಿತ್ತು. ಮಗ ಫಿಲ್ಟರ್, ಪೈಪ್, ಕಾರ್ಬೊರೇಟರ್ ಎಲ್ಲ ಬಿಚ್ಚಿ ನೋಡಿದ. ಎಲ್ಲೂ ಕಸವಿರಲಿಲ್ಲ.

“ರೀ, ಅತ್ತೆ ತುಟಿ ನೀಲಿ ಆಗ್ತಿದೆ!” ಒಳಗಿಂದ ಹೆಂಡತಿ ಕೂಗಿದಳು. “ಮೊನ್ನೆ ತನಕ ಚೆನ್ನಾಗೇ ಇತ್ತಲ್ಲ ಈ ಪೀಡೆ ಜನರೇಟರು?”

“ಟ್ಯಾಂಕ್ ತುಂಬಿದೆ ಕಣೇ, ಪೆಟ್ರೋಲ್ ಕೆಳಗೇ ಇಳೀತಿಲ್ಲ!”

ಕೊನೆಗೆ ಟ್ಯಾಂಕಿನ ಮುಚ್ಚಳ ತಿರುಗಿಸಿದ. ಉಸ್ ಎಂದು ಗಾಳಿ ಒಳಗೆ ನುಗ್ಗಿತು. ಹಗ್ಗ ಎಳೆದ, ಎಂಜಿನ್ ನಿಲ್ಲದೆ ಓಡಿತು.

“ಅತ್ತೆ ಕಣ್ಣು ಬಿಟ್ರು ರೀ!”

ಮುಚ್ಚಳದಲ್ಲಿ ಗಾಳಿ ಒಳಬಂದು ಪೆಟ್ರೋಲ್ ಇಳಿಯಲೆಂದು ಇದ್ದ ಸೂಜಿಮೊನೆಯಷ್ಟು ತೂತು ಕಟ್ಟಿಕೊಂಡಿತ್ತು. ಉಗುರಿನಿಂದ ಕೆರೆದ. ಒಣಗಿದ ಗಂಧ. ಮೊನ್ನೆ ಆಯುಧಪೂಜೆಯ ದಿನ, “ನನ್ನ ಉಸಿರು ನಿನ್ನ ಕೈಲಿದೆ ಕಣಪ್ಪಾ” ಎಂದು ಅಮ್ಮನೇ ಜನರೇಟರಿನ ನೆತ್ತಿಗೆ ಇಟ್ಟಿದ್ದ ಬೊಟ್ಟು.