ಅತ್ತೆಯ ರೀಲು

"ಅತ್ತೆ ಹೋದ ವಾರವೆಲ್ಲಾ ಕಿಟಕಿ ಬಿಟ್ಟು ಕದಲಲಿಲ್ಲ ರೀ. ಬೀದಿಯಲ್ಲಿ ನಡೆದದ್ದೆಲ್ಲಾ ಆ ರೀಲಿನಲ್ಲಿದೆಯಂತೆ," ಸ್ನಾನದಮನೆಯ ಬಾಗಿಲಾಚೆಯಿಂದ ಹೆಂಡತಿ ಹೇಳಿದಳು. "ನೋಡ್ಕೊಂಡು ತೊಳೀರಿ."

ಒಳಗೆ ಫೋಟೋ ರೀಲು ತೊಳೆಯಲು ಕೂತಿದ್ದ ಅವಳ ಗಂಡ, ಗಡಿಯಾರ ರಿಪೇರಿಯವನು, ಬಾಗಿಲ ಚಿಲಕ ಸರಿಯಾಗಿ ಬಿದ್ದಿದೆಯೇ ಎಂದು ನೋಡಿದ. ಕಾಲು ಮುರಿದುಕೊಂಡ ಅವನ ಅಮ್ಮ ಹೊತ್ತು ಹೋಗದೆ ಅವನ ಕ್ಯಾಮೆರಾ ಹಿಡಿದು ಮಹಡಿ ಕಿಟಕಿಯಲ್ಲಿ ಕೂತಿದ್ದರು. ಎದುರಿಗೇ ದೀಪದ ಕಂಬ. ಅದರ ಮರೆಯಲ್ಲಿ ಅವನು ದಿನಕ್ಕೆ ಮೂರು ಸಿಗರೇಟು ಸೇದುತ್ತಾನೆ. ಬಿಟ್ಟು ಮೂರು ತಿಂಗಳಾಯಿತೆಂದು ಹೆಂಡತಿಯನ್ನು ನಂಬಿಸಿದ್ದಾನೆ. ಇನ್ನೊಂದು ಸುಳ್ಳು ಸಿಕ್ಕರೆ ತವರಿಗೆ ಹೊರಟೆ ಎಂದಿದ್ದಾಳೆ ಅವಳು. ಅಂದದ್ದನ್ನು ಮಾಡುವ ಹೆಂಗಸು. ಹೋದ ವಾರ ಹಾಲಿನ ವ್ಯಾನಿನವನು ಕಾರು ನೆಗ್ಗಿಸಿದ್ದಕ್ಕೇ ಮೂರು ದಿನ ಗುಡುಗಿದ್ದಳು.

ರೀಲು ಕೊಡುವಾಗ ಅಮ್ಮ ಬೇರೆ ನಕ್ಕಿದ್ದರು. "ಇಬ್ಬರೂ ಒಟ್ಟಿಗೆ ಕೂತು ನೋಡ್ರಪ್ಪಾ."

ರೀಲು ಆಗಲೇ ಕತ್ತಲಲ್ಲಿ ಬೆಳಕು ನುಗ್ಗದ ಡಬ್ಬಿ ಸೇರಿತ್ತು. ಮೊದಲು ಚಿತ್ರ ಮೂಡಿಸುವ ಡೆವಲಪರ್, ಆಮೇಲೆ ಅದನ್ನು ನಿಲ್ಲಿಸುವ ಫಿಕ್ಸರ್. ಹಿಂದುಮುಂದಾದರೆ ರೀಲು ಬೋಳು, ಒಂದು ಚಿತ್ರವೂ ಉಳಿಯದು. ಇಪ್ಪತ್ತು ವರ್ಷದಿಂದ ಮನೆಯವರ ಕಿವಿ ತೂತಾಗುವಂತೆ ಇದನ್ನೇ ಹೇಳಿದ್ದ. ಹೆಂಡತಿ ಬೆಳಿಗ್ಗೆಯಷ್ಟೇ ಒರೆಸಿಟ್ಟ ಶೆಲ್ಫಿನಲ್ಲಿ ಎರಡು ಕಂದು ಬಾಟಲಿ, ಕುತ್ತಿಗೆಗೆ ಅಂದವಾದ ಹೂಗಂಟಿನಲ್ಲಿ ಒಂದೊಂದು ಚೀಟಿ. ಬೇಕೆಂದೇ ಫಿಕ್ಸರ್ ಎಂದಿದ್ದುದನ್ನು ಮೊದಲು ಸುರಿದ. ಐದು ನಿಮಿಷ ಸಾಕಿತ್ತು. ಖಾತ್ರಿಗೆಂದು ಹತ್ತು ನಿಮಿಷ ಕುಲುಕಿದ. ವಾಸನೆಯ ಗೊಡವೆ ಅವನಿಗಿರಲಿಲ್ಲ, ಸಿಗರೇಟಿಗೆ ಮೂಗು ಎಂದೋ ಸತ್ತಿತ್ತು.

"ಏನೂ ಬಂದಿಲ್ಲ ಅಲ್ವಾ?" ಎಂದಳು ಹೆಂಡತಿ.

"ಇನ್ನೂ ನೋಡಿಲ್ಲ ಕಣೇ."

"ಬರದಿದ್ರೆ ಬೇಜಾರು ಮಾಡ್ಕೋಬೇಡಿ. ಅತ್ತೆಗೆ ಕೈ ನಡುಗುತ್ತೆ, ಪಾಪ."

ಎಂಥ ಒಳ್ಳೆಯ ಮನಸ್ಸು ಎಂದು ಅವನಿಗೆ ಒಳಗೊಳಗೇ ನಾಚಿಕೆಯಾಯಿತು. ತೋರಿಕೆಗೆ ಇನ್ನೊಂದು ಬಾಟಲಿಯನ್ನೂ ಸುರಿದು, ನೀರಲ್ಲಿ ಜಾಲಿಸಿ, ರೀಲು ಬಿಚ್ಚಿ ಬೆಳಕಿಗೆ ಹಿಡಿದ.

ಅಷ್ಟು ಚೊಕ್ಕ ನೆಗೆಟಿವ್ ಅವನ ಕೈಯಿಂದ ಹಿಂದೆಂದೂ ಬಂದಿರಲಿಲ್ಲ. ಹನ್ನೊಂದನೆಯ ಚಿತ್ರದಲ್ಲಿ ಕಂಬ, ಅವನು, ಅವನ ಬಾಯಿಂದ ಕಪ್ಪಗೆ ಹೊಗೆ. ಹನ್ನೆರಡನೆಯದರಲ್ಲಿ ಅವನ ಕಾರು ಹಿಂದಕ್ಕೆ ಬಂದು ಅದೇ ಕಂಬಕ್ಕೆ ಗುದ್ದಿ ನಿಂತಿತ್ತು. ಹಾಲಿನ ವ್ಯಾನಿನ ಸುಳಿವೇ ಇಲ್ಲ. ಸ್ಟಿಯರಿಂಗ್ ಹಿಡಿದು ಕೂತವಳು ಹೆಂಡತಿ.

ಅವನು ಮೆಲ್ಲಗೆ ಬಾಟಲಿಗಳತ್ತ ತಿರುಗಿದ. ಬೆಳಿಗ್ಗೆ ಚೀಟಿಗಳನ್ನು ಬಿಚ್ಚಿ ಅದಲುಬದಲು ಮಾಡಿ ಕಟ್ಟಿದವರು ಹೂಗಂಟು ಹಾಕಿದ್ದರು. ಅವನಿಗೆ ಹಾಕಲು ಬರುವುದು ಕಗ್ಗಂಟೊಂದೇ.