ಲೊಡಲೊಡ

ಮಂಗಳಾಳ ದೊಣ್ಣೆ ನೆತ್ತಿಗೆ ಬೀಳುವಷ್ಟರಲ್ಲಿ ಇಂಪನಾ ತನ್ನ ಬಿದಿರು ದೊಣ್ಣೆಯನ್ನು ಅಡ್ಡ ಹಿಡಿದು ತಡೆದಳು. ಪೆಟ್ಟು ತಿಂದ ಬಿದಿರಿನೊಳಗೆ ಏನೋ ಲೊಡಲೊಡ ಎಂದಿತು.

ಆ ಸದ್ದನ್ನು ನಂಬಿಯೇ ಅವಳು ಬೆಳಿಗ್ಗೆ ಗರಡಿಯ ಮೂಲೆಯಲ್ಲಿದ್ದ ದೊಣ್ಣೆಗಳನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಇದನ್ನು ಆರಿಸಿಕೊಂಡಿದ್ದಳು. ಅಟ್ಟದ ಮೇಲೆ ಒಣಗಿದ ತೆಂಗಿನಕಾಯಿ ಹೀಗೆ ಲೊಡಲೊಡ ಎಂದರೆ ಒಳಗೆ ಕೊಬ್ಬರಿ ಆಗಿದೆ ಎಂದರ್ಥ. ತಿಪಟೂರಿನ ಕಿವಿಗೆ ಅದಕ್ಕಿಂತ ಒಳ್ಳೆಯ ಸದ್ದಿಲ್ಲ. ಈಗ ಬಿದಿರಿನ ಸೀಳಿನಿಂದ ಹಳದಿ ಹುಡಿ ಉದುರಿ ಅವಳ ಮುಂಗೈ ಮೇಲೆ ಬಿತ್ತು. ಒಳಗೆಲ್ಲ ಹುಳು ತಿಂದಿತ್ತು!

“ಇವತ್ತು ಗೆದ್ದು ತುಮಕೂರಿನ ಪಂದ್ಯಕ್ಕೆ ಹೋಗೋಳು ನಾನೇ ಕಣೇ,” ಎನ್ನುತ್ತ ಮಂಗಳಾ ಎರಡೂ ಕೈಯಲ್ಲಿ ದೊಣ್ಣೆ ಎತ್ತಿದಳು.

“ಅಡ್ಡ ಹಿಡಿಯೇ, ತಲೆ ಹೋಯ್ತದೆ!” ಗರಡಿಯ ಗುರು ದುರ್ಗಯ್ಯ ಕೂಗಿದರು.

ಇಂಪನಾ ಅಡ್ಡ ಹಿಡಿಯಲಿಲ್ಲ. ದೊಣ್ಣೆಯನ್ನೇ ಬಿಸಾಕಿ, ಬರುವ ಪೆಟ್ಟಿನೊಳಕ್ಕೆ ನುಗ್ಗಿ, ಮಂಗಳಾಳ ಮಣಿಕಟ್ಟುಗಳನ್ನು ಗಾಳಿಯಲ್ಲೇ ಹಿಡಿದು ನಿಲ್ಲಿಸಿದಳು.

“ದೊಣ್ಣೆ ಯಾಕಮ್ಮಾ ಬುಟ್ಟೆ?” ದುರ್ಗಯ್ಯ ಗದರಿದರು.

ನೆಲಕ್ಕೆ ಬಿದ್ದ ದೊಣ್ಣೆ ತಾನಾಗಿಯೇ ಎರಡು ಹೋಳಾಗಿ ಬಿದ್ದಿತ್ತು. ಹಿಡಿತ ಸಡಿಲಿಸದೆ, ಏದುಸಿರು ಬಿಡುತ್ತ ಇಂಪನಾ ಅಂದಳು:

“ಅದು ಕೊಬ್ಬರಿ ಆಗೋಗಿತ್ತು, ಗುರುಗಳೇ.”