ಪಬ್ಬಿನ ಮುಂದಿನ ಬೀದಿ

ಹಿಮಗಾಳಿಗೆ ಆಂಟೆನಾ ವಾಲಿತ್ತು. ಏಣಿ ಹತ್ತುತ್ತಿದ್ದ ಚಂದ್ರಶೇಖರಪ್ಪನ ಪೈಜಾಮವನ್ನು ಅಕ್ಕ ಶಿವಕ್ಕ ಕೆಳಗಿನಿಂದ ಹಿಡಿದೆಳೆದಳು.

"ಇಳಿ ತಮ್ಮಾ. ಹೆಂಡದಂಗಡಿ ನೋಡಾಕ ಜೀವಾ ಕಳಕೋತಿಯೇನ?"

"ಇವತ್ತು ಕಡೀ ಕಂತು ಅಕ್ಕಾ. ಮತ್ತ ತೋರಸೂದಿಲ್ಲ."

ತಮ್ಮನ ಮನೆ ನೋಡಿಕೊಳ್ಳಲು ಧಾರವಾಡದಿಂದ ಅಮೆರಿಕದ ಪಿಸ್ಕಾಟವೇ ಊರಿಗೆ ಬಂದ ಶಿವಕ್ಕನಿಗೆ ಈ ಚಟ ಗೊತ್ತಾಗಿ ಹನ್ನೆರಡು ವಾರವಾಗಿತ್ತು. ಪ್ರತಿ ಭಾನುವಾರ ಸಂಜೆ ಏಳಕ್ಕೆ ಟಿ.ವಿ.ಯಲ್ಲಿ ಇಂಗ್ಲೆಂಡಿನ ಹಳೆಯ ಧಾರಾವಾಹಿ. ಪ್ರತಿ ಸಲವೂ ಅದೇ ಆರಂಭ: ಲಂಡನ್ನಿನ ಒಂದು ಬೀದಿ, ಮೂಲೆಯಲ್ಲೊಂದು ಪಬ್ಬು, ಅದರ ಬಾಗಿಲು. ತಮ್ಮ ಜಳಕ ಮಾಡಿ, ವಿಭೂತಿ ಧರಿಸಿ, ನಿಂತೇ ನೋಡುತ್ತಿದ್ದ. ಒಳಗಿನ ಗ್ಲಾಸುಗಳು ಕಂಡ ಕೂಡಲೇ ಆರಿಸಿಬಿಡುತ್ತಿದ್ದ. ನಾಚಿಕೆಯಾದರೂ ಇದೆಯಲ್ಲ ಎಂದುಕೊಂಡಿದ್ದಳು, ಅಡುಗೆಮನೆಯಿಂದಲೇ ಇಣುಕುತ್ತಿದ್ದ ಶಿವಕ್ಕ.

ಹಿಂದೆ ಅವನ ಮನೆ ಆ ಪಬ್ಬಿನ ಹಿಂದಿನ ಓಣಿಯಲ್ಲೇ ಇತ್ತು. ಹೆಂಡತಿ ಕಮಲವ್ವ ಅಲ್ಲೇ, ಸಾವಿರದ ಒಂಬೈನೂರ ಎಪ್ಪತ್ತರಲ್ಲಿ ತೀರಿಕೊಂಡಳು. ಗೋಡೆಯ ಮೇಲೆ ಅವಳದೊಂದೇ ಫೋಟೊ. ಬಾಸಿಂಗದಡಿ ತಗ್ಗಿಸಿದ ಮುಖ ಕಂಡೂ ಕಾಣದಂತಿತ್ತು. ಒಂಟಿ ಗಂಡಸು, ಪಕ್ಕದಲ್ಲೇ ಪಬ್ಬು. ಶಿವಕ್ಕ ಲೆಕ್ಕ ಹಾಕಿ ಮುಗಿಸಿದ್ದಳು.

"ಖರೇ ಹೇಳು. ಅಲ್ಲಿ ಕುಡೀತಿದ್ದೇನ?"

"ಒಳಗ ಒಮ್ಮೆನೂ ಹೋಗಿಲ್ಲಕ್ಕಾ."

"ಮತ್ತ ಬರೇ ಬಾಗಲಾ ನೋಡಾಕೇನೈತಿ? ಎದಿ ಮ್ಯಾಲ ಲಿಂಗ, ಮನಸಿನ್ಯಾಗ ಹೆಂಡ."

ಅವನು ಮಾಡು ಹತ್ತಿದ. ಕಟ್ಟಿದ ತಂತಿ ನಿಲ್ಲಲಿಲ್ಲ. ಕೈಯಲ್ಲಿ ಹಿಡಿದರೆ ಚಿತ್ರ ಬರುತ್ತಿತ್ತು, ಬಿಟ್ಟರೆ ಹೋಗುತ್ತಿತ್ತು. ಎರಡು ಸಲ ಇಳಿದು ಓಡಿ ನೋಡಿದ. ಎರಡು ಸಲವೂ ಬರೀ ಚುಕ್ಕೆ. ಏಳಕ್ಕೆ ಇನ್ನೊಂದೇ ನಿಮಿಷ. ಮತ್ತೆ ಮೇಲೇರಿ, ಹಿಮಗಟ್ಟಿದ ಕಬ್ಬಿಣವನ್ನು ಎರಡೂ ಕೈಯಿಂದ ಅಪ್ಪಿ ಹಿಡಿದ.

"ಅಕ್ಕಾ, ನೀ ಒಳಗ ಹೋಗು. ನನ್ನ ಬದಲಿ ನೀನರ ನೋಡು." ಹಿಡಿತ ಬಿಗಿಮಾಡಿ ಸೇರಿಸಿದ: "ಬಾಗಲಾ ಬ್ಯಾಡ. ಬೀದಿ ನೋಡು."

ಕಿಟಕಿ ತೆರೆದಿಟ್ಟು ಶಿವಕ್ಕ ಟಿ.ವಿ. ಮುಂದೆ ಕೂತಳು. ಗೆರೆಗಳು ಕುಣಿದವು, ನಿಂತವು. ಬೀದಿ ಬಂತು. ಪಬ್ಬು ಬಂತು. ಅದರ ಮುಂದೆ ದಾರಿಹೋಕಳೊಬ್ಬಳು ಬಿರಬಿರನೆ ಹಾದುಹೋಗುತ್ತಿದ್ದಳು.

ಮೇಲಿನಿಂದ ಕೂಗು ಬಂತು: "ತಿರುಗಿ ನೋಡಿದ್ಲೇನಕ್ಕಾ?"

ಇಳಕಲ್ ಸೀರೆಯ ಮೇಲೆ ತಮ್ಮನ ಹಳೆಯ ಕೋಟು ತೊಟ್ಟು, ಕೈಯಲ್ಲಿ ಸೊಪ್ಪಿನ ಚೀಲ ಹಿಡಿದು, ಮೂಲೆಯಲ್ಲಿ ಮರೆಯಾಗುವ ಮುನ್ನ ಕಮಲವ್ವ ಒಮ್ಮೆ ತಿರುಗಿ ನೋಡಿ ನಕ್ಕಳು.